ಪ್ಲೂಟೊಗೆ ಚಂದ್ರ ಸಿಕ್ಕ ಆಷಾಢ

ರತ್ನಮ್ಮ ನಮ್ಮ ಸ್ಟುಡಿಯೋ ಮೆಟ್ಟಿಲು ಹತ್ತಿ ಬಂದ ದಿನ ಒಳಗೆ ಇದ್ದವರು ನಾವಿಬ್ಬರೇ. ಕಿಟಕಿ ಪಕ್ಕದ ಇಳಿಜಾರು ಮೇಜಿನ ಮುಂದೆ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದವನು ನನ್ನ ಸೋದರಮಾವ ಚೌಡಪ್ಪ. ಎದುರಿನ ಬೆಂಚಿನ ಮೇಲೆ ಕಾಲು ಚಾಚಿಕೊಂಡು ಅವನಿಗೆ ಪೇಪರ್ ಓದಿ ಹೇಳುತ್ತಿದ್ದವನು ನಾನು. ಆಷಾಢ. ಮದುವೆಯಿಲ್ಲ, ನಾಮಕರಣವಿಲ್ಲ, ಫೋಟೋ ತೆಗೆಸಿಕೊಳ್ಳುವ ಮನಸ್ಸು ಯಾರಿಗೂ ಇಲ್ಲ. ಬಂಗಾರಪೇಟೆ ಸ್ಟೇಷನ್ ರಸ್ತೆಯ ಧೂಳನ್ನೆಲ್ಲ ಎತ್ತಿ ತಂದು ನಮ್ಮ ಬಾಗಿಲಿಗೆ ಸುರಿಯುವ ಗಾಳಿ ಮಾತ್ರ ಇತ್ತು. ಹಿಂದಿನ ಗೋಡೆಗೆ ಇಳಿಬಿಟ್ಟಿದ್ದ ಅರಮನೆಯ ಪರದೆ ಆ ಗಾಳಿಗೆ ಉಬ್ಬಿ, ಅರಮನೆಗೇ ಹೊಟ್ಟೆ ಬಂದ ಹಾಗೆ ಕಾಣುತ್ತಿತ್ತು.

ಎಪ್ಪತ್ತೆಂಟನೇ ಇಸವಿಯ ಮಾತು ಇದು. ಈಗ್ಯಾಕೆ ನೆನಪಾಯಿತು ಅಂದರೆ, ಹೋದ ತಿಂಗಳು ಅದೇ ರಸ್ತೆಯಲ್ಲಿ ನಡೆದು ಹೋಗುತ್ತಿದ್ದೆ. ಸ್ಟುಡಿಯೋ ಇದ್ದ ಕಡೆ ಈಗ ಮೊಬೈಲ್ ಅಂಗಡಿ, ಅದರ ಮುಂದೊಂದು ಗೋಬಿ ಗಾಡಿ. ಗಾಡಿಯವನು ಕಾದ ಬಾಣಲೆಗೆ ಒಂದಿಷ್ಟು ವಿನಿಗರ್ ಸುರಿದ. ಚುಂಯ್ ಅಂತ ಆ ಹುಳಿ ಘಾಟು ಎದ್ದದ್ದೇ ತಡ, ನಾನು ನಿಂತಲ್ಲೇ ಡಾರ್ಕ್‌ರೂಮಿನ ಒಳಗಿದ್ದೆ. ಫೋಟೋ ತೊಳೆಯುವಾಗ ಎರಡನೇ ತಟ್ಟೆಗೆ ನಾವು ಬೆರೆಸುತ್ತಿದ್ದ ಆಸಿಡ್ಡಿಗೆ ಥೇಟ್ ಇದೇ ವಾಸನೆ. ಹತ್ತಿರ ಬಂದ ಸ್ಕೂಟರಿನವನು ಹಾರ್ನ್ ಹೊಡೆದ ಮೇಲೇ ನಾನು ಈ ಲೋಕಕ್ಕೆ ಬಂದದ್ದು.

ಫೋಟೋ ತೆಗೆಯುವುದು, ತೊಳೆಯುವುದು ನನ್ನ ಕೆಲಸ. ಟಚಿಂಗ್ ಮಾವನದು. ಈಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ನೆಗಟಿವ್‌ನಲ್ಲಿ ಕಪ್ಪೆಲ್ಲ ತಿಳಿಯಾಗಿರುತ್ತದೆ, ಬಿಳುಪೆಲ್ಲ ಕಪ್ಪಾಗಿರುತ್ತದೆ. ಮುಖದ ಮೇಲಿನ ಸಿಡುಬಿನ ಗುಳಿ, ಕಣ್ಣ ಕೆಳಗಿನ ಕಪ್ಪು ಮುಚ್ಚಬೇಕಾದರೆ ಸೂಜಿಯ ಹಾಗೆ ಮಸೆದ ಪೆನ್ಸಿಲಿನಿಂದ ನೆಗಟಿವ್ ಮೇಲೆ ಚುಕ್ಕಿ ಚುಕ್ಕಿ ತುಂಬಬೇಕು. ಬೇಡದ ಬಿಳುಪು ಏನಾದರೂ ಇದ್ದರೆ ಅದಕ್ಕೆ ಪೆನ್ಸಿಲ್ ಆಗದು. ಬ್ಲೇಡಿನ ಚೂರನ್ನು ಬಿದಿರುಕಡ್ಡಿಗೆ ಬಿಗಿದು, ಉಸಿರು ಹಿಡಿದು, ಮೇಲಿನ ಪದರವನ್ನು ನಯವಾಗಿ ಕೆರೆದು ತೆಗೆಯಬೇಕು. ಪೆನ್ಸಿಲ್ ಬರೆದದ್ದನ್ನು ಒರೆಸಬಹುದು. ಕೆರೆದದ್ದು ಮಾತ್ರ ಹೋಯಿತು ಅಂದರೆ ಹೋಯಿತು.

ಮಾವನ ಕೈ ಅದರಲ್ಲಿ ಪಳಗಿದ ಕೈ. ಊರಿಗಾಂನಲ್ಲಿ ಬಿಳೀ ದೊರೆಗಳ ಕಾಲದ ಒಬ್ಬ ಫೋಟೋಗ್ರಾಫರನ ಹತ್ತಿರ ಕಲಿತು ಬಂದವನು. ನಮ್ಮ ಸುತ್ತಿನ ಹಳ್ಳಿಗಳಲ್ಲಿ ಎಷ್ಟೋ ಹೆಣ್ಣುಮಕ್ಕಳ ಮದುವೆ ಅವನ ಪೆನ್ಸಿಲಿನಿಂದಲೇ ಆಯಿತು ಅಂತ ಅಜ್ಜಿ, ಅಂದರೆ ಅವನ ತಾಯಿ, ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಹೇಳುತ್ತಿದ್ದಳು. ಆಮೇಲೆ ಜಗಳಕ್ಕೆ ಬಂದವರೂ ಇದ್ದರು. ಫೋಟೋದಲ್ಲಿ ಇಲ್ಲದ ಮಚ್ಚೆ ಹೆಂಡತಿಯ ಕೆನ್ನೆಗೆ ಎಲ್ಲಿಂದ ಬಂತು ಅಂತ ಒಬ್ಬ ಕೇಳಿದ್ದಕ್ಕೆ ಮಾವ ತಲೆ ಎತ್ತದೆ, 'ಮಚ್ಚೆ ಅಂದ್ರೆ ಅದೃಷ್ಟ ಕಣಪ್ಪಾ, ಫ್ರೀಯಾಗಿ ಬಂತು ಅಂದ್ಕೊ' ಅಂದಿದ್ದ. ಆ ಗಂಡ ಮುಂದಿನ ವರ್ಷ ಮಗುವನ್ನು ಎತ್ತಿಕೊಂಡು ಫೋಟೋಗೆ ಬಂದ, ಮಚ್ಚೆಯ ಹೆಂಡತಿಯ ಜೊತೆ.

ರತ್ನಮ್ಮನ ಕೈಯಲ್ಲಿ ಖಾಲಿ ಹಾಲಿನ ಕ್ಯಾನಿತ್ತು. ಪಕ್ಕದ ಹಳ್ಳಿಯವಳು. ಗಂಡ ನಾರಾಯಣಪ್ಪ ಚಾಂಪಿಯನ್ ರೀಫ್ಸ್‌ನಲ್ಲಿ ಚಿನ್ನದ ಗಣಿಯ ಒಳಗೆ ಕೆಲಸಕ್ಕಿದ್ದ. ಅಷ್ಟು ವರ್ಷ ಭೂಮಿಯ ಹೊಟ್ಟೆಗಿಳಿದು ಬಂದವನನ್ನು ಗಣಿ ಏನೂ ಮಾಡಲಿಲ್ಲ, ಕಾಮಾಲೆ ಕರೆದುಕೊಂಡು ಹೋಯಿತು. ಅವಳು ಗಣಿಯವರು ಕೊಟ್ಟಿದ್ದ ಲೈನ್ ಮನೆ ಬಿಟ್ಟು ಮಗಳನ್ನು ಕಟ್ಟಿಕೊಂಡು ಗಂಡನ ಊರಿಗೆ ಬಂದು, ಎರಡು ಸೀಮೆಹಸು ಸಾಕಿ, ದಿನಾ ಬೆಳಗ್ಗೆ ಬಂಗಾರಪೇಟೆ ಹೋಟೆಲಿಗೆ ಹಾಲು ಹಾಕುತ್ತಿದ್ದಳು. ಶ್ರಾವಣದಲ್ಲಿ ಅವನ ವರ್ಷದ ತಿಥಿ. ಅಷ್ಟರಲ್ಲಿ ಗೋಡೆಗೆ ಹಾಕಲು ಒಂದು ಫೋಟೋ ಬೇಕು. ಇಲ್ಲ. ಗಣಿಯ ಪಾಸಿನಲ್ಲಿದ್ದ ಉಗುರಿನಷ್ಟು ಫೋಟೋ ಬೆವರಿಗೆ ಅಳಿಸಿಹೋಗಿತ್ತು. ನಾದಿನಿಯ ಮದುವೆಯಲ್ಲಿ ಮನೆಮಂದಿಯೆಲ್ಲ ಕೂತು ತೆಗೆಸಿದ ಗ್ರೂಪ್ ಫೋಟೋ ಒಂದಿತ್ತು, ಅದನ್ನು ಚೌಕಟ್ಟಿನ ಸಮೇತ ಗೆದ್ದಲು ತಿಂದಿತ್ತು. ಆ ಫೋಟೋ ತೆಗೆದವನು ನಮ್ಮ ಮಾವನೇ. ಅದರ ನೆಗಟಿವ್ ಇದೆಯಾ ಅಂತ ಕೇಳಲು ಬಂದಿದ್ದಳು.

ಇತ್ತು. ಮಾವ ಯಾವುದನ್ನೂ ಬಿಸಾಕುವವನಲ್ಲ. ಆ ಮದುವೆಯ ಕಾಲಕ್ಕೆ ನಮ್ಮದು ಇನ್ನೂ ಗಾಜಿನ ಪ್ಲೇಟು. ಒಳಗಿನ ಪೆಟ್ಟಿಗೆಯಿಂದ ಪ್ಲೇಟ್ ತಂದು ಕಿಟಕಿಗೆ ಹಿಡಿದ. ಅವಳೂ ಇಣುಕಿದಳು. ಕಪ್ಪು ಮುಖ, ಬಿಳೀ ಕೂದಲಿನ ಆ ಜನದಲ್ಲಿ ಯಾರು ಯಾರು ಅಂತ ಅವಳಿಗೆ ಗೊತ್ತಾಗಲಿಲ್ಲ. ಮಾವ ಗುರುತು ಕೇಳಿಕೊಂಡು ಕುರ್ಚಿಯಲ್ಲಿ ಕೂತವರ ಸಾಲಿನಲ್ಲಿ ನಾರಾಯಣಪ್ಪನನ್ನು ತೋರಿಸಿದ. ಅವರೊಬ್ಬರನ್ನೇ ದೊಡ್ಡದು ಮಾಡಿಕೊಡಬೇಕು ಅಂದಳು. ಮೆಟ್ಟಿಲು ಇಳಿದವಳು ಮತ್ತೆ ಹತ್ತಿ ಬಂದು, ಸೆರಗಿನ ತುದಿ ಹಿಡಿದು, ಇರುವುದು ಇದ್ದ ಹಾಗೇ ಬರಲಿ ಅಣ್ಣಾ ಅಂದಳು.

ಎಲ್ಲರೂ ಹಾಗೇ ಹೇಳುತ್ತಾರೆ. ಇದ್ದ ಹಾಗೇ ಅಂದರೆ ಇನ್ನೊಂದಿಷ್ಟು ಚೆನ್ನಾಗಿ ಅಂತ ಅರ್ಥ, ಅದು ಮಾವನ ಅಷ್ಟು ವರ್ಷದ ಅನುಭವ.

ಮಾರನೇ ದಿನ ಅವನು ಭೂತಗನ್ನಡಿ ಸಿಕ್ಕಿಸಿಕೊಂಡು ಕೂತ. ನಾರಾಯಣಪ್ಪ ಯಾರದೋ ಎರವಲು ಕೋಟು ಹಾಕಿಕೊಂಡು ಎದೆ ಸೆಟೆಸಿ ಕೂತಿದ್ದ. ಆ ಕೋಟಿನ ಬಲಭುಜದ ಅಂಚಿನಲ್ಲಿ, ನಾಲ್ಕು ಅಕ್ಕಿಕಾಳು ಅಂಟಿಸಿದ ಹಾಗೆ, ಒಂದು ಸಣ್ಣ ಉಬ್ಬು. ಮಾವ ನನ್ನನ್ನು ಕರೆದು ತೋರಿಸಿದ. ತೇವಕ್ಕೆ ಪದರ ಎದ್ದಿರಬೇಕು ಅಂದೆ. ಅವನಿಗೂ ಹಾಗೇ ಅನ್ನಿಸಿತ್ತು. ಬ್ಲೇಡು ತಗೊಂಡ. ಒಂದು ಬೆಳಗು ಪೂರಾ ಆ ಅಕ್ಕಿಕಾಳುಗಳ ಮೇಲೇ ಕೂತು, ಊಟಕ್ಕೆ ಕರೆದರೂ ಏಳದೆ, ಭುಜದ ಗೆರೆಯನ್ನು ದರ್ಜಿ ಹೊಲಿದ ಹಾಗೆ ಸಾಪಾಗಿ ತಂದ. 'ನೋಡ್ಲಾ ಸೀನ' ಅಂತ ನನ್ನ ಕೈಗೆ ಕೊಟ್ಟ. ನಿಜ ಹೇಳುತ್ತೇನೆ, ಅಲ್ಲಿ ಏನಾದರೂ ಇತ್ತು ಅಂತ ದೇವರು ಬಂದರೂ ಹೇಳಲಾಗುತ್ತಿರಲಿಲ್ಲ.

ರತ್ನಮ್ಮ ಬಂದಳು. ಹಾಲಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋಟೋ ತಗೊಂಡಳು. ಮುಖ ನೋಡಿದಳು, ಕಣ್ಣು ತುಂಬಿತು, ಅದರ ಹಿಂದೆಯೇ ಒಂದು ಸಣ್ಣ ನಗೆ. ಇಂಥದನ್ನು ನಾವು ಎಷ್ಟೋ ನೋಡಿದ್ದೆವು, ಮಾವ ಆಗಲೇ ಕನ್ನಡಕ ಒರೆಸಿಕೊಳ್ಳಲು ಶುರು ಮಾಡಿದ್ದ. ಅವಳ ಬೆರಳು ಮುಖದಿಂದ ಕೋಟಿಗೆ, ಕೋಟಿನಿಂದ ಭುಜಕ್ಕೆ ಬಂತು. ಅಲ್ಲಿ ನಿಂತಿತು.

"ಅಣ್ಣಾ, ಇಲ್ಲೊಂದು ಇತ್ತಲ್ಲ."

"ಕಲೆ ಇತ್ತಮ್ಮಾ. ತೆಗ್ದಿದ್ದೀನಿ. ಗೊತ್ತೇ ಆಗಾಕಿಲ್ಲ ನೋಡು."

ಅವಳು ಫೋಟೋದಿಂದ ಕಣ್ಣು ಎತ್ತಲಿಲ್ಲ.

"ಕಲೆ ಅಲ್ಲಣ್ಣಾ ಅದು. ನಾನು."

ಆಮೇಲೆ ಒಂದೊಂದೇ ಮಾತಾಗಿ ಹೇಳಿದಳು. ಅವರ ಮದುವೆಗೆ ಫೋಟೋದವರನ್ನು ಕರೆದಿರಲಿಲ್ಲ. ಹಿರಿಯರ ಎದುರು ಗಂಡನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುವುದು ಆ ಮನೆಯಲ್ಲಿ ಇರಲಿಲ್ಲ. ನಾದಿನಿಯ ಮದುವೆಯ ದಿನ ಅಡುಗೆಮನೆಯ ಕಡೆ ಕೆಲಸದಲ್ಲಿದ್ದವಳು ಓಡಿ ಬರುವಷ್ಟರಲ್ಲಿ ಎಲ್ಲರೂ ಸಾಲಾಗಿ ನಿಂತಾಗಿತ್ತು. ಹಿಂದಿನಿಂದ ನುಗ್ಗಿ ಹೇಗೋ ಗಂಡನ ಕುರ್ಚಿಯ ಹಿಂದಕ್ಕೆ ಬಂದಳು. ಮುಂದೆ ಅವಳ ಭಾವ, ಭಾವನ ತಲೆಗೆ ಇಷ್ಟೆತ್ತರದ ರುಮಾಲು. ಆ ರುಮಾಲಿನ ಹಿಂದೆ ಅವಳು ಪೂರಾ ಮುಚ್ಚಿಹೋದಳು. ಕೈ ಮಾತ್ರ ಸಂದಿಯಿಂದ ಮುಂದೆ ಬಂದು ಗಂಡನ ಭುಜದ ಮೇಲೆ ಕೂತಿತು. ಫೋಟೋದಲ್ಲಿ ಅವಳು ಇದ್ದದ್ದು ಅಷ್ಟೇ, ನಾಲ್ಕು ಬೆರಳ ತುದಿ. ಅದು ಅತ್ತೆಗೂ ಗೊತ್ತಿಲ್ಲ, ಭಾವನಿಗೂ ಗೊತ್ತಿಲ್ಲ. ಎಲ್ಲರ ಎದುರು ಗೋಡೆಯ ಮೇಲೇ ಇತ್ತು, ಯಾರೂ ಕಾಣಲಿಲ್ಲ. ರಜೆಗೆ ಊರಿಗೆ ಬಂದಾಗ ಅವನು ಊಟಕ್ಕೆ ಕೂತು, ಗೋಡೆಯ ಕಡೆ ಗದ್ದ ಎತ್ತಿ ತೋರಿಸಿ, ಅವಳಿಗೆ ಮಾತ್ರ ಗೊತ್ತಾಗುವ ಹಾಗೆ ನಗುತ್ತಿದ್ದನಂತೆ. ಅವರಿಬ್ಬರೂ ಒಟ್ಟಿಗಿದ್ದ ಫೋಟೋ ಈ ಭೂಮಿಯ ಮೇಲೆ ಅದೊಂದೇ.

ಮಾವ ಪ್ಲೇಟನ್ನು ಮತ್ತೆ ಕಿಟಕಿಗೆ ಹಿಡಿದು ನೋಡಿದ. ನೋಡುವುದಕ್ಕೆ ಏನಿತ್ತು. ಅವನ ಕೆಲಸ ಅಷ್ಟು ಚೊಕ್ಕವಾಗಿತ್ತು.

ರತ್ನಮ್ಮ ಫೋಟೋವನ್ನು ಮೆಲ್ಲಗೆ ಮೇಜಿನ ಮೇಲೆ ಇಟ್ಟಳು. ಇದೂ ಚೆನ್ನಾಗೇ ಇದೆ, ತಿಥಿ ಹತ್ತಿರ ಬಂದಾಗ ತಗೊಂಡು ಹೋಗುತ್ತೇನೆ ಅಂದಳು. ಬೈದಿದ್ದರೆ ಮಾವ ಬದುಕಿಕೊಳ್ಳುತ್ತಿದ್ದ. ಅವಳು ಮೆಟ್ಟಿಲಿಳಿದು, ಗಾಳಿಗೆ ಸೆರಗು ಕಚ್ಚಿ ಹಿಡಿದು, ಕ್ಯಾನು ತೂಗಾಡಿಸುತ್ತಾ ಹೋದದ್ದು ಕಿಟಕಿಯಿಂದ ಕಾಣುತ್ತಿತ್ತು.

ಅವತ್ತಿನಿಂದ ಮಾವ ಬ್ಲೇಡು ಮುಟ್ಟಲಿಲ್ಲ. ಮೇಜಿನ ಮುಂದೆ ಕೂರುವುದು, ಪೆನ್ಸಿಲ್ ಮಸೆಯುವುದು, ಇಡುವುದು. ಮಾರಿಕುಪ್ಪಂ ರೈಲುಗಾಡಿ ಬಂತು, ಹೋಯಿತು, ಜನ ಇಳಿದರು, ಹತ್ತಿದರು. ನಾನು ಪೇಪರ್ ಓದಿದರೆ ಹೂಂಗುಟ್ಟುವುದೂ ಇಲ್ಲ. ಮೊದಲಾದರೆ ಪ್ರಧಾನಮಂತ್ರಿಯಿಂದ ಹಿಡಿದು ಟೊಮೇಟೊ ರೇಟಿನವರೆಗೆ ಎಲ್ಲದಕ್ಕೂ ಅವನದೊಂದು ಟಿಪ್ಪಣಿ ಇರುತ್ತಿತ್ತು. ಒಂದು ದಿನ ಓದುವುದಕ್ಕೆ ಏನೂ ಉಳಿಯದೆ, ಒಳಪುಟದ ಮೂಲೆಯಲ್ಲಿದ್ದ ಸುದ್ದಿಗೆ ಬಂದೆ. ಪ್ಲೂಟೊ ಗ್ರಹಕ್ಕೆ ಒಂದು ಚಂದ್ರ ಇರುವುದು ಪತ್ತೆಯಾಗಿದೆ ಅಂತ. ಆಗ ಅದನ್ನು ಗ್ರಹ ಅಂತಲೇ ಕರೆಯುತ್ತಿದ್ದರು, ಕುಬ್ಜ ಗ್ರಹ ಅಂದದ್ದು ಎಷ್ಟೋ ವರ್ಷ ಆದಮೇಲೆ.

ಅಮೆರಿಕದಲ್ಲಿ ಒಬ್ಬರು ಪ್ಲೂಟೊದ ಫೋಟೋಗಳನ್ನು ಅಳತೆ ಮಾಡುತ್ತಾ ಕೂತಿದ್ದರಂತೆ. ದೂರ ಎಷ್ಟು ಅಂದರೆ ಎಂಥಾ ದುರ್ಬೀನಿನಲ್ಲಿ ತೆಗೆದರೂ ಅದು ಒಂದು ಮಸುಕು ಬೊಟ್ಟು. ಆ ಬೊಟ್ಟಿನ ಒಂದು ಅಂಚಿನಲ್ಲಿ ಸಣ್ಣ ಉಬ್ಬು. ಇಂಥ ಪ್ಲೇಟುಗಳನ್ನು ಕೆಟ್ಟವು ಅಂತ ಗುರುತು ಹಾಕಿ ಪಕ್ಕಕ್ಕಿಟ್ಟಿದ್ದರಂತೆ.

ಪೆನ್ಸಿಲ್ ಮಸೆಯುವ ಸದ್ದು ನಿಂತಿತು.

"ಪ್ಲೇಟು ಅಂದ್ರೆ? ನಮ್ ಪ್ಲೇಟೇನ್ಲಾ?"

"ನಮ್ಮಂಥದೇ ಮಾವ. ಗಾಜಿಂದು."

"ಊಂ, ಓದು."

ಆ ಉಬ್ಬು ಒಂದು ಪ್ಲೇಟಿನಲ್ಲಿ ಮೇಲಿದ್ದರೆ ಇನ್ನೊಂದರಲ್ಲಿ ಕೆಳಗೆ. ಕೊಳೆಯಾಗಿದ್ದರೆ ಹೀಗೆ ಲೆಕ್ಕವಾಗಿ ಸುತ್ತುವುದಿಲ್ಲ. ಅವರಿಗೆ ಅನುಮಾನ ಬಂದು, ಹಿಂದಿನ ವರ್ಷಗಳ ಹಳೇ ಪ್ಲೇಟುಗಳನ್ನು ಹೊರಗೆ ತೆಗೆದು ನೋಡಿದರೆ ಅವುಗಳಲ್ಲೂ ಅದೇ ಉಬ್ಬು. ಅದು ಪ್ಲೂಟೊದ ಜೊತೆಗಿರುವ ಚಂದ್ರ. ಸೂರ್ಯನ ಬಿಸಿಯೇ ತಲುಪದ ಅಷ್ಟು ದೂರದಲ್ಲಿ ಅದು ಬರೀ ಮಂಜುಗಡ್ಡೆಯ ಗೋಳ ಇರಬೇಕಂತೆ. ಎರಡೂ ಒಂದರ ಮುಖ ಒಂದು ನೋಡಿಕೊಂಡೇ ಸುತ್ತುತ್ತವಂತೆ, ಯಾವತ್ತೂ ಬೆನ್ನು ತಿರುಗಿಸುವುದಿಲ್ಲವಂತೆ. ಪ್ಲೂಟೊ ಅನ್ನುವುದು ಹಿಂದಿನ ಕಾಲದ ಆ ಕಡೆಯ ಜನರ ಯಮನ ಹೆಸರಂತೆ.

ಯಮನಿಗೂ ಒಬ್ಬಳು ಜೊತೆಗಾತಿ ಇದ್ದಾಳಲ್ಲ ಅಂದ ಮಾವ. ಎಷ್ಟೋ ದಿನದ ಮೇಲೆ ಅವನ ಬಾಯಿಂದ ಬಂದ ಮೊದಲ ಟಿಪ್ಪಣಿ ಅದು. ಮಸೆಯುತ್ತಿದ್ದ ಪೆನ್ಸಿಲನ್ನು ಮೇಜಿನ ಮೇಲಿಟ್ಟ.

"ಅವ್ನು ಕೆರೀಲಿಲ್ಲ."

"ಇಲ್ಲ ಮಾವ."

"ನಾನಾಗಿದ್ರೆ ಕೆರೆದು ಸಾಪ್ ಮಾಡ್ಬುಡ್ತಿದ್ದೆ ಕಣ್ಲಾ. ಒಂದು ಚಂದ್ರ ಓಗ್ಬುಡ್ತಿತ್ತು."

ನನಗೆ ನಗು ಬಂತು, ಅವನ ಮುಖ ನೋಡಿ ನುಂಗಿಕೊಂಡೆ. ಅವನು ಎದ್ದು ಬಂದು ಪೇಪರಿನ ಮೇಲೆ ಬಗ್ಗಿ, ಹಳೇ ಪ್ಲೇಟು ತೆಗೆದು ನೋಡಿದರು ಅಂದೆಯಲ್ಲ, ಅದನ್ನು ಇನ್ನೊಂದು ಸಲ ಓದು ಅಂದ. ಓದಿದೆ. ನಾನು ಮುಗಿಸುವುದರೊಳಗೆ ಅವನು ಚಪ್ಪಲಿ ಮೆಟ್ಟಿಕೊಂಡಿದ್ದ. ಬೇತಮಂಗಲದ ಬಸ್ಸು ಎಷ್ಟೊತ್ತಿಗೆ ಅಂತ ಕೇಳಿದ.

ಯಾಕೆ ಅಂತ ಹೇಳುತ್ತೇನೆ. ಗ್ರೂಪ್ ಫೋಟೋ ಅಂದರೆ ನಾವು ಯಾವಾಗಲೂ ಎರಡು ಪ್ಲೇಟು ತೆಗೆಯುತ್ತಿದ್ದೆವು. ಅಷ್ಟು ಜನದಲ್ಲಿ ಯಾರೋ ಒಬ್ಬರು ಕಣ್ಣು ಮುಚ್ಚಿರುತ್ತಾರೆ, ಇನ್ಯಾರೋ ಅಲ್ಲಾಡಿರುತ್ತಾರೆ. ಚೆನ್ನಾಗಿ ಬಂದದ್ದು ಪೆಟ್ಟಿಗೆಗೆ. ಕೆಟ್ಟದ್ದನ್ನು ಸೋಡಾಪುಡಿ ಹಾಕಿದ ಬಿಸಿನೀರಲ್ಲಿ ತೊಳೆದರೆ ಮೇಲಿನ ಪದರ ಬಿಟ್ಟು ಶುದ್ಧ ಗಾಜು ಸಿಗುತ್ತದೆ. ಆ ಗಾಜನ್ನು ದೇವರ ಪಟಕ್ಕೆ ಕಟ್ಟು ಹಾಕುವವರು ತಗೊಂಡು ಹೋಗುತ್ತಿದ್ದರು. ಆ ಕಾಲದ ಎಷ್ಟೋ ದೇವರುಗಳು ಯಾರದೋ ಮದುವೆ ಮನೆಯ ಗಾಜಿನ ಹಿಂದೆ ಕೂತಿದ್ದವರೇ.

ಆದರೆ ಒಂದು ಸಲ ಅಜ್ಜಿ ಸ್ಟುಡಿಯೋಗೆ ಬಂದಾಗ ಮಾವ ಮದುವೆಯ ಪ್ಲೇಟೊಂದನ್ನು ಬಿಸಿನೀರಿಗೆ ಬಿಡುತ್ತಿದ್ದ. ಅವಳು ಅವನ ಕೈ ಹಿಡಿದುಬಿಟ್ಟಳು. ಮುತ್ತೈದೆಯರು, ಮಕ್ಕಳು, ಬಾಸಿಂಗ ಕಟ್ಟಿದ ಗಂಡು ಹೆಣ್ಣು, ಇವರನ್ನೆಲ್ಲ ಕುದಿಯೋ ನೀರಿಗೆ ಹಾಕುತ್ತೀಯಲ್ಲ, ನಿನ್ನ ಕೈ ಹೇಗೆ ಬರುತ್ತೆ ಅಂತ ರಂಪ. ಅವರಿಗೇನೂ ಸುಡುವುದಿಲ್ಲ, ಅದು ಗಾಜು ಅಂದರೆ ಕೇಳಬೇಕಲ್ಲ. ಅವತ್ತಿನಿಂದ ಮದುವೆಯ ಕೆಟ್ಟ ಪ್ಲೇಟುಗಳೆಲ್ಲ ಹಳೇ ಪಂಚೆಯಲ್ಲಿ ಸುತ್ತಿಸಿಕೊಂಡು, ಬಸ್ಸು ಹತ್ತಿ, ಬೇತಮಂಗಲದ ಹತ್ತಿರದ ನಮ್ಮ ಹಳ್ಳಿಗೆ, ಅಜ್ಜಿಯ ಅಟ್ಟಕ್ಕೆ ಹೋಗುತ್ತಿದ್ದವು. ನಾವು ನಗುತ್ತಿದ್ದೆವು. ಅಜ್ಜಿ ಅನಾಥಾಶ್ರಮ ತೆರೆದಿದ್ದಾಳೆ ಅನ್ನುತ್ತಿದ್ದೆವು.

ಬಸ್ಸು ಬೇತಮಂಗಲದ ಕೆರೆ ಏರಿ ದಾಟುವಾಗ ಗಾಳಿ ನೀರನ್ನು ಕಟ್ಟೆಯವರೆಗೂ ಎತ್ತಿ ಎರಚುತ್ತಿತ್ತು. ಮನೆ ಮುಟ್ಟಿದಾಗ ಅಜ್ಜಿ ಅಂಗಳದಲ್ಲಿ ಕೂತು ಅವರೆಕಾಳು ಮೊರದಲ್ಲಿ ಕೇರುತ್ತಿದ್ದಳು. ಹೇಳದೆ ಕೇಳದೆ ಆಷಾಢದಲ್ಲಿ ಬಂದ ಮಗನನ್ನು ನೋಡಿ ಅವಳ ಮೊದಲ ಪ್ರಶ್ನೆ, ಹೆಂಡತಿ ಜೊತೆ ಜಗಳ ಆಡಿಕೊಂಡು ಬಂದೆಯಾ ಅಂತ. ವಿಷಯ ಕೇಳಿದ ಮೇಲೆ ಮೊರ ಪಕ್ಕಕ್ಕಿಟ್ಟು, ಮಗನನ್ನು ಮೇಲಿಂದ ಕೆಳಕ್ಕೆ ನೋಡಿದಳು.

"ಎಂಡ್ತಿ ಕೈನ ಗಂಡನ ಮೈಮೇಲಿಂದ ಕೆರೆದಾಕಿದ್ಯಾ? ಥೂ, ನಿನ್ ಕೆಲ್ಸಕ್ಕಿಷ್ಟು."

ಅಷ್ಟು ಅಂದು, ಏಣಿ ಇಟ್ಟುಕೊಟ್ಟಳು.

ಅಟ್ಟದ ಮೂಲೆಯಲ್ಲಿ ಬಾಯಿ ಒಡೆದ ಒಂದು ವಾಡೆ. ರಾಗಿ ತುಂಬುತ್ತಿದ್ದ ಆ ದೊಡ್ಡ ಮಣ್ಣಿನ ಗಡಿಗೆಯಲ್ಲಿ ಈಗ ಹೊಟ್ಟು, ಹೊಟ್ಟಿನ ನಡುವೆ ಗಾಜು. ನಾನು ಒಂದೊಂದೇ ಎತ್ತಿ ಕೊಟ್ಟೆ, ಮಾವ ಕೆಳಗಿಳಿಸಿದ. ಕೆಲವು ತೇವಕ್ಕೆ ಒಂದಕ್ಕೊಂದು ಅಂಟಿಕೊಂಡು ಹೋಗಿದ್ದವು. ಕೆಲವುದರ ಮೇಲೆ ಬೂಷ್ಟು ನಕ್ಷತ್ರದ ಹಾಗೆ ಅರಳಿಕೊಂಡು, ಜನರ ಮುಖವನ್ನೇ ತಿಂದುಬಿಟ್ಟಿತ್ತು. ಅಂಥದೊಂದು ಕೈಗೆ ಬಂದಾಗಲೆಲ್ಲ ಮಾವ ಉಸಿರು ಬಿಗಿಹಿಡಿದು ನೋಡಿ, ಆಮೇಲೆ ಬಿಡುತ್ತಿದ್ದ. ಅಂಗಳದ ಬಿಸಿಲಿಗೆ ಒಂದೊಂದನ್ನೂ ಎತ್ತಿ ಹಿಡಿದೆವು. ಅಜ್ಜಿಯೂ ನಮ್ಮ ನಡುವೆ ತಲೆ ತೂರಿಸಿ ಮೋಡದ ಮೇಲೆ ಮದುವೆ ನೋಡತೊಡಗಿದಳು. ಎಲ್ಲರ ತಲೆಯೂ ನೆರೆತುಹೋಗಿದೆಯಲ್ಲ, ಕೂಸಿಗೂ ಬಿಳೀ ಕೂದಲು, ಪಾಪ ಅಂತ ಅವಳ ವ್ಯಥೆ. ಯಾರದೋ ದಿಬ್ಬಣದಲ್ಲಿ ತನ್ನ ತಂಗಿಯನ್ನು ಗುರುತು ಹಿಡಿದು, ನೋಡು ಆಗಲೂ ಗಂಟು ಮೋರೆ ಅಂದಳು.

ಬೆಳಕು ಓರೆಯಾಗುವ ಹೊತ್ತಿಗೆ ಆ ರುಮಾಲು ಸಿಕ್ಕಿತು. ನೆಗಟಿವ್‌ನಲ್ಲಿ ಅದು ಇದ್ದಿಲಿನ ಗೋಪುರದ ಹಾಗೆ ಕಪ್ಪಗೆ ನಿಂತಿತ್ತು. ಪ್ಲೇಟಿನ ಒಂದು ಮೂಲೆಗೆ ಬೂಷ್ಟು ಹಿಡಿದಿತ್ತು. ಅದು ಹಬ್ಬಿಕೊಂಡು ಬಂದು, ರುಮಾಲಿನ ತುದಿ ತಿಂದು, ಅಲ್ಲಿಗೆ ನಿಂತಿತ್ತು. ಮಾವ ಅದರ ಕೆಳಗೆ ನೋಡಲಿಲ್ಲ. ಪ್ಲೇಟನ್ನು ಅಜ್ಜಿಗೆ ಕೊಟ್ಟುಬಿಟ್ಟ. ಅಜ್ಜಿ ಕಣ್ಣು ಕಿರಿದು ಮಾಡಿ ಆಕಾಶಕ್ಕೆ ಹಿಡಿದಳು.

"ಯಾವಳ್ದೋ ಕೈ ಐತಲ್ಲೋ ಇಲ್ಲಿ. ಬಳೆನೂ ಅವೆ."

ಈ ಪ್ಲೇಟಿನಲ್ಲಿ ಬರೀ ಬೆರಳ ತುದಿಯಲ್ಲ. ಮಣಿಕಟ್ಟಿನವರೆಗೆ ಕೈ, ಕೈ ತುಂಬಾ ಬಳೆ. ಬೆರಳುಗಳು ಭುಜದ ಮೇಲಲ್ಲ, ಕೋಟಿನ ಕಾಲರು ದಾಟಿ ಕತ್ತಿನ ಮೇಲೇ ಇದ್ದವು. ಈ ಪ್ಲೇಟು ಕೆಟ್ಟದ್ದು ಯಾಕೆ ಅಂತಲೂ ಕಾಣುತ್ತಿತ್ತು. ನಾರಾಯಣಪ್ಪ ಅಲ್ಲಾಡಿದ್ದ. ಕ್ಯಾಮೆರಾ ನೋಡಬೇಕಾದವನು ಹಿಂದಕ್ಕೆ ತಿರುಗುತ್ತಾ, ಬಾಯಿ ಅರ್ಧ ತೆರೆದು, ಮುಖ ಕದಡಿಹೋಗಿತ್ತು.

ಮಾವ ಆ ಪ್ಲೇಟನ್ನು ತನ್ನ ಅಂಗಿಯಲ್ಲೇ ಸುತ್ತಿ, ಬನಿಯನ್ನಿನಲ್ಲಿ ಬಸ್ಸು ಹತ್ತಿ, ಬಂಗಾರಪೇಟೆಯವರೆಗೂ ತೊಡೆಯ ಮೇಲಿಟ್ಟುಕೊಂಡು ಬಂದ. ಕಂಡಕ್ಟರ್ ಏನು ಮಾವ, ಕೂಸಾ ಅಂದದ್ದಕ್ಕೆ ಹೂಂ ಅಂದ.

ಶ್ರಾವಣ ಬರುವ ಮುಂಚೆ ನಾನು ಅದನ್ನು ದೊಡ್ಡದಾಗಿ ತೆಗೆದೆ. ತಟ್ಟೆಯ ನೀರಿನಲ್ಲಿ ಮೊದಲು ಎದ್ದದ್ದು ಕೋಟು, ಆಮೇಲೆ ನಿಧಾನವಾಗಿ, ಕೋಟಿನ ಕಪ್ಪಿನ ಮೇಲೆ ಬೆಳ್ಳಗೆ ಆ ಕೈ. ಮಾವ ಹೇಳಿ ಕಳಿಸಿದ್ದಕ್ಕೆ ರತ್ನಮ್ಮ ಹಾಲು ಹಾಕಿ ಬಂದಳು. ಅವಳು ಫೋಟೋ ನೋಡುತ್ತಿದ್ದಷ್ಟು ಹೊತ್ತೂ ಮಾವ ಮಾತಾಡುತ್ತಲೇ ಇದ್ದ, ಹೆದರಿದ ಮನುಷ್ಯ ಮಾತಾಡುವ ಹಾಗೆ. ಪ್ಲೂಟೊದ ಕಥೆ ಹೇಳಿದ. ಅಷ್ಟು ಓದಿದವರೂ ಮೊದಲು ಅದನ್ನು ಕೊಳೆ ಅಂತಲೇ ಅಂದುಕೊಂಡಿದ್ದರಮ್ಮಾ, ಆದರೆ ಅವರು ಕೆರೆಯಲಿಲ್ಲ, ನಾನು ಕೆರೆದೆ ಅಂದ. ಆಮೇಲೆ ಅವನೊಳಗಿನ ಕೆಲಸಗಾರ ತಡೆಯಲಾರದೆ ಬಾಯಿ ಹಾಕಿದ. ಇದರಲ್ಲಿ ಮುಖ ಕದಡಿದೆ, ಅದರಲ್ಲಿ ಮುಖ ಚೆನ್ನಾಗಿದೆ, ಆ ಮುಖವನ್ನು ಕತ್ತರಿಸಿ ತಂದು ಇಲ್ಲಿ ಕೂರಿಸುತ್ತೇನೆ, ಕೈ ಇದರದ್ದೇ ಇರಲಿ, ಸೇರಿಸಿದ್ದು ಅಂತ ಯಾರಿಗೂ ತಿಳಿಯುವುದಿಲ್ಲ ಅಂದ.

ಅವಳು ಫೋಟೋದಲ್ಲಿದ್ದ ತನ್ನ ಬೆರಳು ಮುಟ್ಟಿ, ಆ ಚಂದ್ರ ತಣ್ಣಗಿರುತ್ತದಾ ಅಂತ ಕೇಳಿದಳು. ಪೂರಾ ಐಸೇ ಅಂತಮ್ಮಾ ಅಂದ ಮಾವ. ರತ್ನಮ್ಮ ನಕ್ಕಳು. ನಾವು ಅವಳು ಬಾಯಿಬಿಟ್ಟು ನಕ್ಕದ್ದು ನೋಡಿದ್ದು ಅವತ್ತೇ.

ನಾದಿನಿಯ ಮದುವೆ ಬಿರುಬೇಸಿಗೆಯಲ್ಲಿ ಆದದ್ದು ಅಂತ ಶುರು ಮಾಡಿದಳು. ಪಾನಕಕ್ಕೆ ಅಂತ ಐಸ್‌ಗಡ್ಡೆ ಮರದ ಹೊಟ್ಟಿನಲ್ಲಿ ಸುತ್ತಿಕೊಂಡು ರೈಲಿನಲ್ಲಿ ಬಂದಿತ್ತು. ಅದನ್ನು ಗೋಣಿಯಲ್ಲಿಟ್ಟು ಒಡೆಯುವ ಕೆಲಸ ಅವಳದು. ಫೋಟೋಗೆ ಕೂಗಿದಾಗ ಅದನ್ನು ಬಿಟ್ಟು ಓಡಿ ಬಂದವಳ ಬೆರಳು ಮರಗಟ್ಟಿಹೋಗಿದ್ದವು. ಅವನೋ, ಆ ಗಣಿಯ ಕೆಳಗಿನ ಕಾವಿನಲ್ಲಿ ಬೆಂದು ಬೆಂದು, ತಣ್ಣಗಿರುವುದು ಅಂದರೆ ಪ್ರಾಣ ಬಿಡುವವನು. ಕೆಲಸ ಮುಗಿಸಿ ಬಂದರೆ ಮೊದಲು ಒದ್ದೆ ಬಟ್ಟೆಯನ್ನು ಕತ್ತಿಗೆ ಹಾಕು ಅನ್ನುತ್ತಿದ್ದ. ಎಲ್ಲರೂ ಉಸಿರು ಬಿಗಿಹಿಡಿದು ಕ್ಯಾಮೆರಾ ನೋಡುತ್ತಿದ್ದಾಗ, ಆ ಐಸಿನ ಬೆರಳನ್ನು ಹಿಂದಿನಿಂದ ಅವನ ಕತ್ತಿಗೆ ಇಟ್ಟುಬಿಟ್ಟಿದ್ದಳು.

"ಅವ್ರು ತಿರುಗಿದ್ದೇ ನನ್ ಕೈಗೆ ಅಣ್ಣಾ. ಆ ಮುಖ ತೆಗೀಬ್ಯಾಡ."

ಮಾವನಿಗೆ ಆಗ ನೆನಪಾಯಿತು. ಯಾರಯ್ಯಾ ಅದು ಅಲ್ಲಾಡಿದ್ದು, ಪ್ಲೇಟು ದಂಡ ಆಯಿತು ಅಂತ ಅವನು ಕರೀ ಬಟ್ಟೆಯೊಳಗಿಂದ ಬೈದದ್ದು, ಕೋಟಿನ ಮನುಷ್ಯ ಎಲ್ಲರ ಎದುರು ಕೆನ್ನೆ ಕೆಂಪಗೆ ಮಾಡಿಕೊಂಡು ನಾನೇ ಅಂತ ಒಪ್ಪಿಕೊಂಡದ್ದು, ಯಾಕೆ ಅಂತ ಮಾತ್ರ ಹೇಳದೇ ಇದ್ದದ್ದು. ಎರಡನೇ ಪ್ಲೇಟಿಗೆ ಅವನು ಕಲ್ಲಿನ ಹಾಗೆ ಕೂತಿದ್ದ. ಆ ಕೈ ಮಾತ್ರ ಭುಜ ಬಿಟ್ಟಿರಲಿಲ್ಲ.

ಆ ಫೋಟೋಗೆ ಮಾವ ಪೆನ್ಸಿಲ್ ತಾಗಿಸಲಿಲ್ಲ, ಬ್ಲೇಡೂ ತಾಗಿಸಲಿಲ್ಲ. ಮೂಲೆಯ ಬೂಷ್ಟಿನ ನಕ್ಷತ್ರಗಳನ್ನೂ ಹಾಗೇ ಬಿಟ್ಟ. ಕಟ್ಟು ಹಾಕಿಸಿ, ಹೊಸ ಟವೆಲ್ಲಿನಲ್ಲಿ ಸುತ್ತಿ, ಅವಳ ಕೈಗೆ ಕೊಟ್ಟ. ಮಾವ ಆಮೇಲೆಯೂ ಎಷ್ಟೋ ವರ್ಷ ಟಚಿಂಗ್ ಮಾಡಿದ. ಆದರೆ ನೆಗಟಿವ್ ಮುಟ್ಟುವ ಮುಂಚೆ ಬಂದವರನ್ನು ಪಕ್ಕ ಕೂರಿಸಿಕೊಂಡು ಏನು ಇರಬೇಕು, ಏನು ಹೋಗಬೇಕು ಅಂತ ಕೇಳುತ್ತಿದ್ದ. ಅದಕ್ಕೆ ಬೇಸರ ಪಟ್ಟುಕೊಂಡು ಎದುರಿನ ಸ್ಟುಡಿಯೋಗೆ ಹೋದವರೂ ಉಂಟು. ಒಬ್ಬ ಮುದುಕಿ ಮಾತ್ರ ತುಂಬಾ ಯೋಚನೆ ಮಾಡಿ, ಮೂಗಿನ ಮೇಲಿನ ನರೂಲಿ ಇರಲಿ, ಇಲ್ಲದಿದ್ದರೆ ಮೊಮ್ಮಕ್ಕಳಿಗೆ ಗುರುತು ಸಿಗುವುದಿಲ್ಲ ಅಂದಳು. ಮಾವ ಅದನ್ನು ದಿನಗಟ್ಟಲೆ ಹೇಳಿಕೊಂಡು ಖುಷಿಪಟ್ಟ.

ತೊಂಬತ್ತರ ದಶಕ ಅರ್ಧ ದಾಟಿರಬೇಕು. ಮಾವ ಹೋಗಿಯಾಗಿತ್ತು. ಅವನ ಮೇಜಿನ ಮೇಲೆ ಕಲರ್ ಲ್ಯಾಬಿನ ಕವರುಗಳು ಬಿದ್ದಿರುತ್ತಿದ್ದವು. ಒಂದು ಬೆಳಗ್ಗೆ ರತ್ನಮ್ಮನ ಮಗಳು ಬಂದು, ಅಮ್ಮ ತೀರಿಕೊಂಡರು, ನಿಮಗೂ ಹೇಳಬೇಕು ಅನ್ನಿಸಿತು ಅಂದಳು. ಯಾವುದೋ ಅರ್ಜಿಗೆ ಅಂತ ನಾನು ರತ್ನಮ್ಮನ ಫೋಟೋ ಒಮ್ಮೆ ತೆಗೆದಿದ್ದೆ. ಅದನ್ನು ದೊಡ್ಡದು ಮಾಡಿ ಕಟ್ಟು ಹಾಕಿಸಿ ಕೊಡುತ್ತೇನೆ ಅಂದೆ. ಬೇಡ ಅಣ್ಣಾ, ಅಮ್ಮ ಬೇಡ ಅಂದಿದ್ದಾರೆ, ಇರುವುದೇ ಸಾಕಂತೆ ಅಂದಳು.

ತಿಥಿಯ ದಿನ ಹೋಗಿದ್ದೆ. ನಡುಮನೆಯ ಗೋಡೆಯ ಮೇಲೆ ಅದೇ ಫೋಟೋ, ಅದೇ ಕಟ್ಟು, ಒಂದೇ ಹಾರ. ಮಗಳು ಕುಂಕುಮದ ಬಟ್ಟಲು ಹಿಡಿದು ಸ್ಟೂಲು ಹತ್ತಿದಳು. ಗಾಜಿನ ಮೇಲೆ ಮೊದಲು ಅಪ್ಪನ ಹಣೆಗೆ ಒಂದು ಬೊಟ್ಟಿಟ್ಟಳು. ಆಮೇಲೆ ಇನ್ನೊಂದು ಸಲ ಬೆರಳು ಅದ್ದಿ, ಅವನ ಕತ್ತಿನ ಮೇಲಿದ್ದ ಆ ಕೈಗೂ ಇಟ್ಟು ಕೆಳಗಿಳಿದಳು.